ಹಳ್ಳದ ಮೈ, ಬೀಳು ಮೈ

ವೈದಸ್‌ಗೆ ಫ್ಯಾನ್ ಇರಲಿಲ್ಲ.

ಇದ್ದ ಒಂದೂ ಮೂರು ದಿನದ ಹಿಂದೆ ಕಟಕಟ ಎಂದು ಸದ್ದು ಮಾಡಿ, ಕುತ್ತಿಗೆ ವಾಲಿಸಿ ಸತ್ತುಹೋಗಿತ್ತು. ಜೂನ್ ತಿಂಗಳಲ್ಲಿ ತೈವಾನಿನ ತೈನಾನ್ ಊರಿನ ಮೂರನೇ ಮಹಡಿಯ ಕೋಣೆಯಲ್ಲಿ ಫ್ಯಾನಿಲ್ಲದೆ ಕೂರುವುದೆಂದರೆ ಹಬೆಬುಟ್ಟಿಯೊಳಗಿನ ಬನ್ನಿನ ಹಾಗೆ ಬೇಯುವುದು. ಅವನು ಲಿಥುವೇನಿಯಾದವನು. ಅಲ್ಲಿ ಜೂನ್‌ನಲ್ಲೂ ಜನ ಸ್ವೆಟರನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುತ್ತಾರೆ. ಇಲ್ಲಿ ಬೆಳಿಗ್ಗೆ ಎಂಟಕ್ಕೇ ಅವನ ಮೂಗಿನ ತುದಿಯಿಂದ ಬೆವರು ನೋಟ್ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಮರ ಎಂದು ಬರೆದ ಚೀನೀ ಅಕ್ಷರ ಶಾಯಿ ಹರಡಿ ಕಾಡು ಆಗುತ್ತಿತ್ತು.

ಅವತ್ತು ಮಧ್ಯಾಹ್ನ ಮೂರಕ್ಕೆ ಮಾತಿನ ಪರೀಕ್ಷೆ. ಅರವತ್ತು ಅಂಕ ಬಂದರೆ ವಿದ್ಯಾರ್ಥಿವೇತನ ಇನ್ನೊಂದು ವರ್ಷ ಮುಂದುವರಿಯುತ್ತದೆ. ಬರದಿದ್ದರೆ ತಿಂಗಳ ಕೊನೆಗೆ ವಿಮಾನ, ವಿಮಾನ ಇಳಿದರೆ ಸೋದರಮಾವನ ಮೀನಿನ ಶೈತ್ಯಾಗಾರ. ಅಲ್ಲಿ ಹೆಪ್ಪುಗಟ್ಟಿದ ಮೀನಿನ ಡಬ್ಬಿ ಎಣಿಸುವ ಕೆಲಸ ಅವನಿಗಾಗಿ ಕಾದಿತ್ತು. ಮೀನಿಗೆ ಯಾವ ಭಾಷೆಯೂ ಬೇಡ.

ಒಂದು ವರ್ಷದಲ್ಲಿ ಅವನು ಪಟ್ಟ ಪಾಡು ಕಡಿಮೆಯದಲ್ಲ. ಮೊದಲ ತಿಂಗಳು ಬೆರಳು ತೋರಿಸಿ ಸಿಕ್ಕಿದ್ದನ್ನೇ ತಿಂದ. ಹಾಗಾಗಿ ಇಪ್ಪತ್ತು ದಿನ ಹಂದಿಯ ಕರುಳೇ ಊಟ. ಎರಡನೇ ತಿಂಗಳು ಕ್ಷೌರದಂಗಡಿಯಲ್ಲಿ 'ಸ್ವಲ್ಪ ತೆಗೆಯಿರಿ' ಅನ್ನಲು ಹೋಗಿ 'ಸ್ವಲ್ಪ ಬಿಡಿ' ಅಂದ. ಅವರು ಸ್ವಲ್ಪವೇ ಬಿಟ್ಟರು. ಆಮೇಲೆ ಸುಧಾರಿಸಿದ. ಸಂಜೆ ಕಸದ ಲಾರಿಗೆ ಕಾಯುತ್ತಾ ಚೀಲ ಹಿಡಿದು ನಿಲ್ಲುವ ಓಣಿಯ ಹೆಂಗಸರೇ ಅವನ ನಿಜವಾದ ಮೇಷ್ಟ್ರುಗಳು. ಯಾರ ಮಗ ಯಾರನ್ನು ಬಿಟ್ಟ, ಯಾರ ಸೊಸೆ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ, ಇದೆಲ್ಲಾ ಅವನಿಗೆ ಅರ್ಥವಾಗತೊಡಗಿತ್ತು. ಆದರೆ ಒಂದು ಬೇನೆ ಉಳಿದಿತ್ತು. ಅವನು ಬಾಯಿ ಬಿಟ್ಟರೆ ಸಾಕು, ಏನೇ ಹೇಳಲಿ, ಎದುರಿಗಿದ್ದವರು "ಅಬ್ಬಾ, ನಿನ್ನ ಮಾತು ಎಷ್ಟು ಚೆಂದ!" ಅನ್ನುತ್ತಿದ್ದರು. ಕ್ಷೌರದವನೂ ಹಾಗೇ ಅಂದಿದ್ದ, ತಲೆ ಬೋಳಿಸಿ ಮುಗಿಸಿದ ಮೇಲೆ.

ಕಲಿಸುವ ಲಾನ್ ಮೇಡಂ ಮಾತ್ರ ಹಾಗನ್ನುವವರಲ್ಲ. ಮೊದಲ ವಾರವೇ ಅವರು ಮೇಜು ಕುಟ್ಟಿ ಹೇಳಿದ್ದರು: "ಕೊಳ್ಳೋದಕ್ಕೂ ಮೈ, ಮಾರೋದಕ್ಕೂ ಮೈ. ವ್ಯತ್ಯಾಸ ಸ್ವರದಲ್ಲಿ. ಕೊಳ್ಳೋ ಮೈ ಹಳ್ಳಕ್ಕಿಳಿದು ಮೇಲೆ ಹತ್ತುತ್ತೆ. ಮಾರೋ ಮೈ ಮಾಳಿಗೆಯಿಂದ ದೊಪ್ಪಂತ ಬೀಳುತ್ತೆ. ದುಡ್ಡು ಬಿಚ್ಚೋ ಮನುಷ್ಯ ಹಿಂದೆಮುಂದೆ ನೋಡ್ತಾನೆ, ಅದಕ್ಕೇ ಹಳ್ಳ. ಮಾರೋನಿಗೆ ಅವಸರ, ಅದಕ್ಕೇ ಬೀಳು. ಬರೆಯೋವಾಗಲೂ ನೆನಪಿಡಿ, ಕೊಳ್ಳೋ ಅಕ್ಷರದ ತಲೆ ಮೇಲೆ ಟೋಪಿ ಇಟ್ಟರೆ ಮಾರೋ ಅಕ್ಷರ."

ಇದನ್ನೆಲ್ಲಾ ನೆನಪಿಟ್ಟುಕೊಂಡೇ ವೈದಸ್ ಅವತ್ತು ಬೆಳಿಗ್ಗೆ ಓಣಿಯ ಮುಖ್ಯಸ್ಥ ಚ್ಯೂ ಅವರ ಮನೆಗೆ ಹೋದದ್ದು. ಓಣಿಯವರೇ ಮತ ಹಾಕಿ ಆರಿಸಿದ ಮನುಷ್ಯ. ಯಾರ ಮನೆಯ ಅಟ್ಟದಲ್ಲಿ ಯಾವ ಹಳೆ ಸಾಮಾನಿದೆ ಎಂಬುದು ಅವರಿಗೆ ಬಾಯಿಪಾಠ. ಹಳೆಯ ಫ್ಯಾನೊಂದನ್ನು ಹುಡುಕಿಕೊಡುವುದು ಅವರಿಗೆ ಚಿಟಿಕೆಯ ಕೆಲಸ.

ಮುಖ್ಯಸ್ಥರು ಮುಂದಿನ ಕೋಣೆಯಲ್ಲಿ ಚಹಾದ ಮೇಜಿನ ಮುಂದೆ ಕೂತಿದ್ದರು. ಕೆಟಲಿನಲ್ಲಿ ನೀರು ಭರಭರ ಕುದಿಯುತ್ತಿತ್ತು. ಹಿಂದಿನ ಬಾಗಿಲಿನ ಬಳಿ ಅವರ ಹೆಂಡತಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಬಾ ಬಾ, ವೇ ದಾ! ಊಟ ಆಯ್ತಾ?" ವೈದಸ್ ಓಣಿಯವರ ಬಾಯಲ್ಲಿ ವೇ ದಾ ಆಗಿದ್ದ.

"ಆಯ್ತು, ಮುಖ್ಯಸ್ಥರೇ." ವೈದಸ್ ಮನಸ್ಸಿನಲ್ಲೇ ಹಳ್ಳ ತೋಡಿದ. ಗದ್ದವನ್ನು ಎದೆಗೆ ತಾಗುವಷ್ಟು ಇಳಿಸಿದ. ಆಮೇಲೆ ಎತ್ತಿದ. "ನಾನು ಫ್ಯಾನ್ ಮೈ ಮಾಡ್ಬೇಕು. ಹಳೇದು. ಪರವಾಗಿಲ್ಲ."

"ಮೈ ಮಾಡ್ತೀಯಾ? ಈ ಸೆಖೇಲಿ?"

"ಸೆಖೆ. ಅದಕ್ಕೇ."

ಮುಖ್ಯಸ್ಥರು ಲೋಟಕ್ಕೆ ಚಹಾ ಬಗ್ಗಿಸಿಕೊಂಡರು. "ಯಾಕಪ್ಪ, ಇದ್ದಕ್ಕಿದ್ದ ಹಾಗೆ?"

"ಇವತ್ತು ಪರೀಕ್ಷೆ. ಅರವತ್ತು ಬರಲ್ಲ ಅಂದ್ರೆ, ಊರಿಗೆ."

"ಊರಿಗೆ!" ಮುಖ್ಯಸ್ಥರು ಲೋಟ ಕೆಳಗಿಟ್ಟರು. "ಅಯ್ಯೋ, ಮೊದಲೇ ಹೇಳಬಾರದಾ? ಫ್ಯಾನ್ ಒಂದೇನಾ? ಬೇರೆ ಸಾಮಾನು?"

"ಬೇರೆ ಇದೆ. ಮೇಜು ಇದೆ, ಸೈಕಲ್ ಇದೆ, ಅನ್ನದ ಕುಕ್ಕರ್ ಇದೆ, ಚಳಿಕೋಟು ಇದೆ. ಫ್ಯಾನ್ ಮಾತ್ರ..."

ಮುಖ್ಯಸ್ಥರು ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದರು. ಫ್ಯಾನೂ ಸೇರಿ ಐದು ಬೆರಳಿನ ಮುಷ್ಟಿಯಾಯಿತು. "ಮನೆಗೆ ಹೋಗು. ಅರ್ಧ ಗಂಟೆ. ನಾನಿದ್ದೀನಿ," ಎಂದು ಎದ್ದು, ಮೈಕಿನ ಗುಂಡಿ ಒತ್ತಿದರು. ಓಣಿಯ ಕಂಬಗಳ ಮೇಲಿನ ನಾಲ್ಕು ಕಹಳೆಗಳು ಗೊರಗೊರ ಎಂದವು. ಮೊದಲು ಹೂಕುಂಡದಲ್ಲಿ ನೀರು ನಿಲ್ಲಿಸಿ ಸೊಳ್ಳೆ ಸಾಕಬೇಡಿ ಎಂಬ ಬೈಗುಳ. ಆಮೇಲೆ ಬಂದದ್ದು ಎಮ್ಮೆ ಬಾಯಿ ಮುಕ್ಕಳಿಸಿದ ಹಾಗಿತ್ತು. ವೈದಸ್‌ಗೆ ಕೇಳಿಸಿದ್ದು 'ಪರದೇಶದ ಹುಡುಗ', 'ಮೂರನೇ ಮಹಡಿ' ಎಂಬ ಎರಡೇ ಮಾತು. ಸಾಕಲ್ಲ. ಅವನು ಬಾಗಿ ವಂದಿಸಿ ಮನೆಗೆ ನಡೆದ.

ಅರ್ಧ ಗಂಟೆಯೂ ಬೇಕಾಗಲಿಲ್ಲ. ಮೊದಲು ಬಂದವನು ತೂ ಮಾವ, ಮೀನಿನ ಮಾರುಕಟ್ಟೆಯಿಂದ ನಿವೃತ್ತನಾದವನು. ಕೈ ಬೀಸಿಕೊಂಡು ಬಂದ. ವೈದಸ್ ಅವನ ಹಿಂದೆ ಇಣುಕಿದ. ಫ್ಯಾನ್ ಕಾಣಲಿಲ್ಲ.

"ಎಲ್ಲಿ ಫ್ಯಾನು?" ಎಂದು ತೂ ಮಾವನೇ ಕೇಳಿದ.

ವೈದಸ್ ಮೂಲೆಯಲ್ಲಿದ್ದ ಹೆಣ ತೋರಿಸಿದ. ತೂ ಮಾವ ಅದರ ರೆಕ್ಕೆಯನ್ನು ಮೀನಿನ ಕಿವಿರು ನೋಡುವಂತೆ ಎತ್ತಿ ನೋಡಿ, "ಇದು ಕೆಟ್ಟು ಮೂರು ದಿನ ಆಗಿದೆ," ಎಂದ. ಸರಿಯಾಗಿಯೇ ಹೇಳಿದ. "ಇದು ಬೇಡ. ಸೈಕಲ್ ತಗೋತೀನಿ."

"ಇಲ್ಲ, ತೂ ಮಾವ. ನಾನು ಮೈ ಮಾಡೋನು. ನಾನು!"

"ಗೊತ್ತಪ್ಪ, ನೀನು ಮಾರೋನು. ಸ್ವರ ಒಂಚೂರು ಹಳ್ಳಕ್ಕೆ ಬಿತ್ತು, ಅಷ್ಟೇ. ಅರ್ಥ ಆಯ್ತು ಬಿಡು."

ವೈದಸ್ ಬೆವರಿದ. ಇನ್ನೊಂದು ಮೈಯನ್ನು ಹಿಡಿದು ಮಾಳಿಗೆಯಿಂದ ನೂಕಿದ. "ನಾನು ಮೈ ಮಾಡಲ್ಲ!"

"ನೀನ್ಯಾಕೆ ಕೊಳ್ತೀಯೋ? ಕೊಳ್ಳೋನು ನಾನಲ್ವಾ!" ತೂ ಮಾವ ನಕ್ಕು, ಎರಡು ನೀಲಿ ನೋಟು ತೆಗೆದ.

"ಬೇಡ! ಬೇಡ!" ವೈದಸ್ ನೋಟುಗಳನ್ನು ಹಿಂದೆ ತಳ್ಳಿದ.

ಇದು ಅವನು ಮಾಡಬಾರದಿದ್ದ ಕೆಲಸ. ಈ ಊರಿನಲ್ಲಿ ಕೊಟ್ಟ ದುಡ್ಡನ್ನು ಮೂರು ಸಲ ಬೇಡ ಎನ್ನದೆ ತೆಗೆದುಕೊಳ್ಳುವವನು ಆಸೆಬುರುಕ. ಮೂರು ಸಲ ತಳ್ಳಿದವನು ಕುಲವಂತ. ತೂ ಮಾವನ ಕಣ್ಣು ಅರಳಿತು. "ನೋಡ್ರೋ, ಎಷ್ಟು ಸಂಸ್ಕಾರ ಕಲಿತಿದ್ದಾನೆ!" ಎಂದು, ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಿದ್ದ ಆರೇಳು ಜನಕ್ಕೆ ಕೂಗಿ ಹೇಳಿದ. ವೈದಸ್ ಮತ್ತೆ ತಳ್ಳಿದ. ಮೂರನೇ ಸಲ ಹೆಚ್ಚುಕಡಿಮೆ ಕುಸ್ತಿಯೇ ಆಯಿತು. ತೂ ಮಾವ ನಲವತ್ತು ವರ್ಷ ಜೀವಂತ ಮೀನು ಹಿಡಿದ ಕೈಯವನು. ನೋಟುಗಳನ್ನು ಅವನ ಜೇಬಿಗೆ ತುರುಕಿ, ಸೈಕಲ್ ಹೆಗಲಿಗೇರಿಸಿಕೊಂಡು ಇಳಿದೇಬಿಟ್ಟ.

ಆಮೇಲೆ ತಡೆಯುವವರೇ ಇಲ್ಲ. ಜಪಾನಿಗೆ ಹಿಮ ನೋಡಲು ಹೊರಟಿದ್ದ ಒಬ್ಬಳು ಚಳಿಕೋಟು ತೊಟ್ಟುಕೊಂಡೇ ಹೋದಳು, ಆ ಸೆಖೆಯಲ್ಲಿ. ಅನ್ನದ ಕುಕ್ಕರು ಯಾರ ಕೈಗೆ ಹೋಯಿತೆಂದು ಅವನಿಗೆ ಕಾಣಲೂ ಇಲ್ಲ. ಮೇಜನ್ನು ಇಬ್ಬರು ಎತ್ತಿದರು. ಅದರ ಮೇಲಿದ್ದ ನೋಟ್ ಪುಸ್ತಕವನ್ನು ಮಾತ್ರ ಮರ್ಯಾದೆಯಿಂದ ಅವನ ಕೈಗೆ ಕೊಟ್ಟರು. ಹೋಗುವ ಪ್ರತಿಯೊಬ್ಬರೂ ಬೀಳ್ಕೊಡುಗೆ ಎಂದು ಏನಾದರೂ ಕೊಟ್ಟರು. ಅನಾನಸ್ ಹೂರಣದ ಬಿಲ್ಲೆ, ಒಣಮಾವು, ಕಾಲಿಗೆ ಹಚ್ಚುವ ತೈಲ, ದೇವಸ್ಥಾನದ ಕೆಂಪು ತಾಯಿತ. ಫ್ಯಾನ್ ಯಾರೂ ಕೊಡಲಿಲ್ಲ. ಊರಿಗೆ ಹೋಗುವವನಿಗೆ ಫ್ಯಾನ್ ಯಾಕೆ?

"ನಾನು ಹೋಗಲ್ಲ! ಹೋಗಲ್ಲ!" ಎಂದು ವೈದಸ್ ಕೂಗಿದ. ಇದರಲ್ಲಿ ಸ್ವರದ ತಕರಾರೇ ಇರಲಿಲ್ಲ.

"ಹೋಗಲ್ಲ ಅಂತಾನೆ ನೋಡ್ರೇ, ಪಾಪ," ಎಂದು ಹೆಂಗಸರು ಕಣ್ಣೊರೆಸಿಕೊಂಡರು. "ನಮ್ಮ ಓಣಿ ಮೇಲೆ ಎಷ್ಟು ಪ್ರೀತಿ!"

ಹನ್ನೊಂದಕ್ಕೆ ಮನೆಯೊಡತಿ ಕೂ ಬಂದಳು. ಅವಳ ಹಿಂದೆ ಸೂಟ್‌ಕೇಸು ಹಿಡಿದ ಒಬ್ಬಳು ನರ್ಸು.

"ನನಗೆ ಒಂದು ಮಾತು ಮೊದಲು ಹೇಳಬೇಕಿತ್ತು, ವೇ ದಾ," ಎಂದಳು ಕೂ, ಮುಖ ಸಿಂಡರಿಸಿ. "ಕಹಳೆಯಲ್ಲಿ ಕೇಳಿ ತಿಳ್ಕೋಬೇಕಾ ನಾನು? ಹೋಗ್ಲಿ. ಈ ಹುಡುಗಿಗೆ ಕೋಣೆ ಬೇಕಂತೆ, ಮಾತು ಕೊಟ್ಟಾಯ್ತು. ನಾಳೆ ಖಾಲಿ ಮಾಡು." ನರ್ಸು ಬರಿ ಕೋಣೆಯನ್ನು ಸುತ್ತಲೂ ನೋಡಿ, "ಎಷ್ಟು ವಿಶಾಲವಾಗಿದೆ!" ಎಂದಳು.

ಎಲ್ಲರೂ ಹೋದ ಮೇಲೆ ಉಳಿದವಳು ಆ-ಮಾನ್ ಚಿಕ್ಕಮ್ಮ ಒಬ್ಬಳೇ. ಓಣಿಯ ಮೂಲೆಯಲ್ಲಿ ತಿಂಡಿ ಅಂಗಡಿ ಇಟ್ಟವಳು, ವರ್ಷವಿಡೀ ಅವನಿಗೆ ಮೊಟ್ಟೆ ದೋಸೆ ಹುಯ್ದುಕೊಟ್ಟವಳು. ಅವಳು ಏನೂ ಕೊಳ್ಳಲು ಬಂದಿರಲಿಲ್ಲ. "ಹೋಗೋದು ಹೋಗ್ತೀಯ, ಸತ್ತ ಫ್ಯಾನ್ ಮಾರೋದು ಯಾಕೋ?" ಎಂದು ಫೋನು ತೋರಿಸಿದಳು. ಓಣಿಯ ಗುಂಪಿನಲ್ಲಿ ಮುಖ್ಯಸ್ಥರು ಬರೆದೂ ಹಾಕಿದ್ದರು: ಒಂಬತ್ತನೇ ನಂಬರ್ ಮನೆಯ ಪರದೇಶದ ಹುಡುಗ ಊರಿಗೆ ಹೊರಟಿದ್ದಾನೆ, ಫ್ಯಾನ್ ಮತ್ತು ಎಲ್ಲಾ ಸಾಮಾನು...

ವೈದಸ್ ಮುಂದಿನ ಅಕ್ಷರ ನೋಡಿದ. ಅದರ ತಲೆಯ ಮೇಲೆ ಟೋಪಿ ಇತ್ತು.

ಅವನು ನೆಲದ ಮೇಲೆ ಕುಸಿದು ಕೂತ. ಕುರ್ಚಿಯೂ ಹೋಗಿತ್ತು, ಮೇಜಿನ ಜೊತೆಗೆ ಪುಕ್ಕಟೆಯಾಗಿ. "ಚಿಕ್ಕಮ್ಮ, ನಾನು ಟೋಪಿ ಇಲ್ಲದ್ದು ಹೇಳಿದ್ದೆ!"

"ನೀನು ಹೇಳಿದ್ದು ಟೋಪಿ ಇಲ್ಲದ್ದು, ಅವರಿಗೆ ಕೇಳಿಸಿದ್ದು ಟೋಪಿ ಇದ್ದದ್ದು. ನಿನ್ನ ನಾಲಿಗೆ ಎಲ್ಲೋ ಜಾರಿದೆ ಕಣೋ." ಅವಳಿಗೆ ಅಂಗಡಿಗೆ ಹೋಗುವ ಅವಸರ. ಬಾಗಿಲಲ್ಲಿ ತಿರುಗಿ, "ಇವತ್ತು ಪರೀಕ್ಷೆ ಇದೆ ಅಂತ ನಿನ್ನೆ ಅಂದಿದ್ಯಲ್ಲ? ಇಷ್ಟು ಜನಕ್ಕೆ ತಲೆಕೆಳಗಾಗಿ ಕೇಳಿಸ್ತು ಅಂದ್ರೆ ಉಪಾಯ ಒಂದೇ. ಬೆಳಿಗ್ಗೆ ಹೇಗೆ ಅಂದ್ಯೋ ಅದಕ್ಕೆ ಉಲ್ಟಾ ಅನ್ನು," ಎಂದು ಇಳಿದುಹೋದಳು.

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ನಿಲ್ಲುವ ಮೊದಲೇ ವೈದಸ್‌ಗೆ ಎಲ್ಲಾ ಹೊಳೆದುಬಿಟ್ಟಿತು. ಪುಸ್ತಕದ ಹಳ್ಳ ಬೇರೆ, ತನ್ನ ಬಾಯಿಯ ಹಳ್ಳ ಬೇರೆ. ತಾನು ಹಳ್ಳ ಎಂದುಕೊಂಡದ್ದು ಇವರ ಕಿವಿಗೆ ಬೀಳು, ತಾನು ಬೀಳು ಎಂದುಕೊಂಡದ್ದು ಇವರಿಗೆ ಹಳ್ಳ. ತೂ ಮಾವ ಎರಡು ಸಲವೂ ತಲೆಕೆಳಗಾಗಿಯೇ ಕೇಳಿಸಿಕೊಂಡನಲ್ಲ! ಒಂದು ವರ್ಷ ಜನ ಚೆಂದ ಚೆಂದ ಅನ್ನುತ್ತಾ ಈ ಸತ್ಯವನ್ನು ಮುಚ್ಚಿಟ್ಟಿದ್ದರು.

ಸೈಕಲ್ ಇಲ್ಲದ್ದರಿಂದ ಒಂದೂವರೆಗೇ ನಡೆದು ಹೊರಟ. ದಾರಿಯುದ್ದಕ್ಕೂ ಅಭ್ಯಾಸ. ಕೊಳ್ಳುವುದಕ್ಕೆ ಬೀಳು ಮೈ, ದೊಪ್! ಮಾರುವುದಕ್ಕೆ ಹಳ್ಳದ ಮೈ. ಪ್ರತಿ ದೊಪ್ಪಿಗೂ ಕಾಲು ನೆಲಕ್ಕೆ ಅಪ್ಪಳಿಸುತ್ತಿದ್ದ. ಎದುರು ಬಂದ ಮುದುಕನೊಬ್ಬ, ಹುಡುಗನಿಗೆ ಮೈಮೇಲೆ ದೇವರು ಬಂದಿದೆ ಎಂದುಕೊಂಡು ಕೈಮುಗಿದು ಪಕ್ಕಕ್ಕೆ ಸರಿದ.

ಪರೀಕ್ಷೆಗೆ ಮುಂಚೆ ಒಂದು ಸಲ ಒರೆಗೆ ಹಚ್ಚುವುದು ಒಳ್ಳೆಯದೆಂದು ಸೀಬೆಹಣ್ಣಿನ ಗಾಡಿಯ ಮುಂದೆ ನಿಂತ. ಗಾಡಿಯವಳು ಅಪರಿಚಿತಳು, ಕಹಳೆ ಕೇಳಿದವಳಲ್ಲ.

"ನಾನು ಸೀಬೆಹಣ್ಣು ಮೈ ಮಾಡ್ತೀನಿ!" ದೊಪ್.

ಗಾಡಿಯವಳು ಒಂದು ಗಳಿಗೆ ಅವನ ಬರಿಗೈ ನೋಡಿದಳು. ಆಮೇಲೆ ಹಣ್ಣು ಹೆಚ್ಚಿ, ಉಪ್ಪು ಹುಣಸೆಪುಡಿ ಉದುರಿಸಿ ಕೊಟ್ಟಳು. "ಅಬ್ಬಾ, ನಿಮ್ಮ ಮಾತು ಎಷ್ಟು ಚೆಂದ!"

ವೈದಸ್‌ಗೆ ಆನೆಬಲ ಬಂತು.

ಪರೀಕ್ಷೆಯ ಕೋಣೆಯಲ್ಲಿ ಲಾನ್ ಮೇಡಂ, ಮತ್ತು ಅವರ ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕ, ತೆಳ್ಳನೆಯ ಕಟ್ಟಿನ ಕನ್ನಡಕದವನು. ಇಪ್ಪತ್ತು ನಿಮಿಷ ವೈದಸ್ ನೀರು ಕುಡಿದ ಹಾಗೆ ಮಾತಾಡಿದ. ತನ್ನ ಮನೆಯವರ ಬಗ್ಗೆ ಹೇಳಿದ, ಹವೆಯ ಬಗ್ಗೆ ಹೇಳಿದ, ಹಂದಿಕರುಳಿನ ಕತೆ ಹೇಳಿ ಪರೀಕ್ಷಕನನ್ನೇ ನಗಿಸಿದ. ಲಾನ್ ಮೇಡಂ ಮೇಜಿನ ಕೆಳಗೆ ಬೆರಳಲ್ಲಿ ಅಂಕ ಎಣಿಸುತ್ತಿದ್ದರು. ಅವರ ಮುಖ ಅರಳುತ್ತಾ ಬಂತು.

"ಕೊನೆಯದು," ಎಂದ ಪರೀಕ್ಷಕ. "ಸುಲಭದ್ದು. ನೀವು ಅಂಗಡಿಗೆ ಹೋಗಿದ್ದೀರಿ. ನೀವೇನು ಮಾಡ್ತೀರಿ, ಅಂಗಡಿಯವನೇನು ಮಾಡ್ತಾನೆ?"

ಲಾನ್ ಮೇಡಂ ನಿರಾಳವಾಗಿ ಹಿಂದಕ್ಕೆ ಒರಗಿದರು.

"ನಾನು ಅಕ್ಕಿ ಮೈ ಮಾಡ್ತೀನಿ!" ದೊಪ್. "ಅಂಗಡಿಯವನು ಅಕ್ಕಿ ಮೈ ಮಾಡ್ತಾನೆ." ಆಳವಾದ ಹಳ್ಳ.

ಪರೀಕ್ಷಕ ಕನ್ನಡಕ ಸರಿಮಾಡಿಕೊಂಡ. "ನೀವು ಮಾರ್ತೀರಿ. ಅಂಗಡಿಯವನು ಕೊಳ್ತಾನೆ?"

ಓಣಿಯಲ್ಲಿ ಆದದ್ದೇ ಇಲ್ಲೂ ಆಗುತ್ತಿದೆ, ದೊಪ್ಪು ಸಾಲಲಿಲ್ಲ ಎಂದುಕೊಂಡ ವೈದಸ್.

"ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ," ಎಂದ ಪರೀಕ್ಷಕ ಕನಿಕರದಿಂದ. ಲಾನ್ ಮೇಡಂ ಕೆಮ್ಮಿದರು. ಗದ್ದವನ್ನು ಹಳ್ಳಕ್ಕಿಳಿಸಿ ಎತ್ತಿದರು. ಮತ್ತೆ ಕೆಮ್ಮಿದರು.

ವೈದಸ್ ಎದ್ದು ನಿಂತು, ಕಾಲು ಅಪ್ಪಳಿಸಿ, ಕಿಟಕಿಯ ಗಾಜು ಅದುರುವಂತೆ ಅಕ್ಕಿಯನ್ನು ಅಂಗಡಿಯವನಿಗೆ ಇನ್ನೊಂದು ಸಲ ಮಾರಿದ.

ಐವತ್ತೆಂಟು ಬಂತು.

"ಏನು ಬಂದಿದೆ ನಿನಗೆ?" ಲಾನ್ ಮೇಡಂ ಅವನನ್ನು ಮೊಗಸಾಲೆಯಲ್ಲಿ ನಿಲ್ಲಿಸಿ ಬೈದರು. ಅವರ ಕಣ್ಣು ಕೆಂಪಾಗಿತ್ತು. "ಮೊದಲ ವಾರದ ಪಾಠ! ಹೋದ ವಾರ ಕ್ಲಾಸಲ್ಲಿ ಇದನ್ನೇ ಹತ್ತು ಸಲ ಸರಿಯಾಗಿ ಅಂದ್ಯಲ್ಲೋ! ಉಳಿದೋರಿಗೆಲ್ಲಾ ನಿನ್ನನ್ನೇ ತೋರಿಸಿದ್ದೆ ನಾನು!"

"ಸರಿಯಾಗಿ ಅಂದಿದ್ನಾ?" ಎಂದು ವೈದಸ್ ಕೇಳಿದ. "ನೀವು ಸುಮ್ನೆ ಚೆಂದ ಚೆಂದ ಅನ್ನಲ್ಲ, ಅಲ್ವಾ ಮೇಡಂ?"

"ನಾನು ಯಾವತ್ತಾದ್ರೂ ಹಾಗಂದಿದ್ದೀನಾ?"

ಅಂದಿರಲಿಲ್ಲ. ಹಾಗಾದರೆ ಬೆಳಿಗ್ಗೆ ಆದದ್ದೇನು ಎಂಬ ಒಂದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಅವನು ನಡೆಯುತ್ತಾ ಬಂದು ಮತ್ತೆ ಮುಖ್ಯಸ್ಥರ ಮನೆ ಹೊಕ್ಕ. ಮುಖ್ಯಸ್ಥರು ಬೆತ್ತದ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹೆಂಡತಿ ಮೂಲಂಗಿ ತುರಿಯುತ್ತಿದ್ದರು. ಅವನ ಮುಖ ನೋಡಿದವರೇ, ಮುಂದಿದ್ದ ಮಣೆಯನ್ನು ಅವನತ್ತ ತಳ್ಳಿದರು.

"ಅಮ್ಮ, ಬೆಳಿಗ್ಗೆ ನಾನು ಏನಂದೆ?"

"ಫ್ಯಾನ್ ಕೊಳ್ಳಬೇಕು ಅಂದೆ."

"ಕೊಳ್ಳಬೇಕು ಅಂತಾನೇ ಅಂದ್ನಾ?"

"ಹೂಂ. ನಮ್ಮ ಮೊಮ್ಮಗನೂ ಅಷ್ಟು ಸ್ಪಷ್ಟವಾಗಿ ಅನ್ನಲ್ಲ. ತಪ್ಪು ನಿನ್ನ ಬಾಯಿದಲ್ಲ, ಇವರ ಕಿವಿದು." ಅವರು ತುರಿಮಣೆಯಿಂದಲೇ ಗಂಡನತ್ತ ತೋರಿಸಿದರು. "ದೇವರ ಮೆರವಣಿಗೇಲಿ ಪಟಾಕಿ ಸರ ಪಕ್ಕದಲ್ಲೇ ಸಿಡಿದು ಎಡಗಿವಿ ಹೋಗಿ ಹನ್ನೆರಡು ವರ್ಷ ಆಯ್ತು. ಯಾರಿಗೂ ಹೇಳ್ಬೇಡ, ಚುನಾವಣೆ ಬರ್ತಿದೆ. ಕಿವಿ ನೆಟ್ಟಗಿದ್ದಾಗಲೂ ಅಷ್ಟೇ ಅನ್ನು. ಮದುವೆ ಮಾತಿಗೆ ಬಂದಾಗ 'ಯೋಚನೆ ಮಾಡ್ತೀನಿ' ಅಂದಿದ್ದೆ. 'ಒಪ್ಪಿದಳು' ಅಂತ ಊರೆಲ್ಲಾ ಸಾರಿಬಿಟ್ರು."

"ನೀವು ಆಗಲೇ ಹೇಳ್ಬಾರದಿತ್ತಾ, ಅಮ್ಮ?"

"ಮೈಕ್ ಹಾಕಿಯಾಗಿತ್ತಲ್ಲಪ್ಪ. ಗಂಡನಿಗೆ ಎದುರುತ್ತರ ಕೊಟ್ರೆ ಇಡೀ ಓಣಿಗೆ ಕೇಳಿಸಲ್ವಾ?" ಎಂದು ಅವರು ಇನ್ನೊಂದು ಮೂಲಂಗಿ ಎತ್ತಿಕೊಂಡರು. "ಅದು ಹೋಗ್ಲಿ. ಪರೀಕ್ಷೆ ಏನಾಯ್ತು?"

ವೈದಸ್ ಆ ತಿಂಗಳ ಕೊನೆಯ ವಿಮಾನ ಹತ್ತಿದ. ಅವನು ಕಳೆದುಕೊಂಡದ್ದು ಇಷ್ಟು: ಒಂದು ಸೈಕಲ್ಲು, ಒಂದು ಮೇಜು, ಒಂದು ಕುರ್ಚಿ, ಒಂದು ಅನ್ನದ ಕುಕ್ಕರು, ಒಂದು ಚಳಿಕೋಟು, ಒಂದು ಬಾಡಿಗೆ ಕೋಣೆ, ಎರಡು ಅಂಕ.